ಔಷಧಿ ಹೊಡೆಯೋನ ಅಂಗಿ ಯಾರು ಕೊಡಿಸಬೇಕು?

ನಮ್ಮ ಕಡೆ ಔಷಧಿ ಹೊಡೆಯೋಕೆ ಹಳೇ ಹತ್ತಿ ಅಂಗಿನೇ ಗತಿ. ಅದು ಔಷಧಿ ಹೀರಿ ಮೈಗೇ ಅಂಟ್ಕೊಂಡಿರುತ್ತೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ರೂಪುಗೊಂಡ ‘ಕಿಸಾನ್ ಕವಚ’ 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಈ ಬಟ್ಟೆ ಬರೀ ತಡೆಯಲ್ಲ. ಕ್ಲೋರೋಪೈರಿಫಾಸ್ ಸೇರುವ ಆರ್ಗನೋಫಾಸ್ಫೇಟ್ ಗುಂಪಿನ ಔಷಧಿ ತಾಗಿದರೆ ಅದನ್ನು ಒಡೆದು ವಿಷ ಕಳೆಯುತ್ತೆ. ಒಗೆದು ಮತ್ತೆ ಹಾಕ್ಕೋಬಹುದು. ಬಿಡುಗಡೆ ಹೊತ್ತಿನ ಬೆಲೆ ಸುಮಾರು 4,000 ರೂಪಾಯಿ.

ದುಬಾರಿ ಅಂತೀರಿ, ಹೌದು. ಆದ್ರೆ ಬೆನ್ನಿಗೆ ಪಂಪು ಹೊರೋನು ಎಷ್ಟೋ ಸಲ ಕೂಲಿಯವನು. ಅವನು ಎಲ್ಲಿಂದ ತರ್ತಾನೆ? ಪಂಪು ನಮ್ದು, ಔಷಧಿ ನಮ್ದು, ಬೆಳೆನೂ ನಮ್ದು. ಅಂದ್ಮೇಲೆ ಅಂಗಿ ಕೊಡಿಸೋ ಜವಾಬ್ದಾರಿನೂ ನಮ್ದೇ. ಒಬ್ಬರಿಗೆ ಭಾರವಾದ್ರೆ ನಾಲ್ಕು ಮನೆ ಸೇರಿ ಒಂದು ತರೋಣ. ನಿಮ್ಮ ಅಭಿಪ್ರಾಯ ಹೇಳಿ.