ಬೇಸ್‌ಮೆಂಟ್: ಮೊದಲು ನೀರಿನ ಲೆಕ್ಕ, ಆಮೇಲೆ ಬಣ್ಣದ ಲೆಕ್ಕ

ಬ್ಯಾಂಕಿನಲ್ಲಿ ಮನೆ ದುರಸ್ತಿ ಸಾಲದ ಫೈಲು ನೋಡಿ ನೋಡಿ ನನಗೊಂದು ಚಟ ಅಂಟಿಕೊಂಡಿದೆ. ಕೊಟೇಶನ್ ಕೈಗೆ ಬಂದರೆ ಮೊತ್ತ ನೋಡುವ ಮೊದಲು ಅದರ ಸಾಲುಗಳನ್ನು ಎಣಿಸುತ್ತೇನೆ. ದೆಹಲಿಯ ಬೇಸ್‌ಮೆಂಟ್ ಕೊಟೇಶನ್ ಅಂದರೆ ಸಾಮಾನ್ಯವಾಗಿ ಹೀಗಿರುತ್ತೆ: ಫಾಲ್ಸ್ ಸೀಲಿಂಗ್‌ಗೆ ಐದು ಸಾಲು, ದೀಪಗಳಿಗೆ ಎಂಟು ಸಾಲು, ಗೋಡೆಗೆ ಪ್ಯಾನಲ್, ಟಿ.ವಿ.ಗೆ ಯೂನಿಟ್, ಕೊನೆಗೆಲ್ಲೋ ಮೂಲೆಯಲ್ಲಿ "ವಾಟರ್‌ಪ್ರೂಫಿಂಗ್ - ಲಂಪ್‌ಸಮ್". ಮುಗೀತು! ಈ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅನ್ನೋದು ನನ್ನ ವಾದ. ಹೋದ ವರ್ಷ ನಮ್ಮ ಮನೆಯ ಬೇಸ್‌ಮೆಂಟ್ ಕೆಲಸವನ್ನು ಹಾಗೇ ಮಾಡಿಸಿದೆ. ಅರ್ಧಕ್ಕಿಂತ ಹೆಚ್ಚು ದುಡ್ಡು ಕಣ್ಣಿಗೆ ಕಾಣದ ಕೆಲಸಕ್ಕೇ ಹೋಯಿತು, ಮನೆಯವಳು ಇವತ್ತಿಗೂ ಅದನ್ನು ಆಡಿ ತೋರಿಸುತ್ತಾಳೆ.

ನಮ್ಮ ಊರುಗಳಲ್ಲಿ ಮನೆಗೆ ನೆಲಮಾಳಿಗೆ ಇರೋದು ಅಪರೂಪ. ಧಾರವಾಡದ ಕಡೆ ಇದ್ದದ್ದು ಹಗೇವು. ಅದರಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಗಾಳಿ ಆಡಲಿ ಅಂತ ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಇಳಿಯುತ್ತಿದ್ದರು. ನೆಲದ ಕೆಳಗೆ ಸಾಮಾನಿರಬೇಕು, ಮನುಷ್ಯ ಅಲ್ಲಿಗೆ ಹೋಗಿ ಬರಬೇಕು ಅನ್ನೋದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ದೆಹಲಿಗೆ ಬಂದು ಬಿಲ್ಡರ್ ಫ್ಲೋರ್ ಕೊಂಡ ಮೇಲೆ ನಮಗೆ ಮರೆತುಹೋಗಿದೆ.

ಇರಲಿ, ನೀರಿಗೆ ಬರೋಣ. ಇಲ್ಲಿಯವರು "ಸೀಲನ್" ಅನ್ನುವ ಆ ತೇವ ಎಲ್ಲಿಂದ ಬಂತು ಅಂತ ಪತ್ತೆ ಮಾಡದೆ ಒಂದು ಡಬ್ಬ ಬಣ್ಣವನ್ನೂ ತರಬೇಡಿ. ಹೊರಗಿನ ಮಣ್ಣಿನಿಂದ ಬರಬಹುದು, ಮೇಲಿನ ಬಚ್ಚಲ ಪೈಪಿನಿಂದ ಬರಬಹುದು, ಗೋಡೆಗೆ ಅಂಟಿಕೊಂಡೇ ಇರುವ ನೆಲದಡಿಯ ನೀರಿನ ಟ್ಯಾಂಕಿನಿಂದಲೂ ಬರಬಹುದು. ಟ್ಯಾಂಕ್ ಖಾಲಿ ಮಾಡಿ ಒಂದಷ್ಟು ದಿನ ಗೋಡೆ ನೋಡಿ, ಅದರ ಜಾತಕ ತಿಳಿಯುತ್ತೆ. ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಒಂದಡಿ ಚೌಕದ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯೊಳಗಿನ ನೀರು, ಮೇಲೆ ಕಂಡರೆ ಕೋಣೆಯ ಗಾಳಿಯ ತೇವ. ಎರಡರ ಮದ್ದೂ ಬೇರೆ. ಮಳೆಗಾಲದಲ್ಲಿ "ಗಾಳಿ ಆಡಲಿ" ಅಂತ ಕಿಟಕಿ ತೆರೆದಿಟ್ಟರೆ ಹೊರಗಿನ ಒದ್ದೆ ಗಾಳಿ ತಣ್ಣನೆ ಗೋಡೆಗೆ ತಾಗಿ ಇನ್ನಷ್ಟು ಬೆವರುತ್ತೆ, ನೆನಪಿರಲಿ.

ನೀರು ಹೊರಗಿನಿಂದ ಒತ್ತುತ್ತಿರುವಾಗ ಒಳಗಿನಿಂದ ಬರೀ ಬಣ್ಣ ಬಳಿದರೆ ಆ ಒತ್ತಡ ಬಣ್ಣವನ್ನೇ ತಳ್ಳಿ ಉದುರಿಸುತ್ತೆ. ಆಗ ಠೇಕೇದಾರ ಹೇಳುವ ಉಪಾಯ: "ಸಾಬ್, ಪ್ಯಾನಲ್ ಹಾಕಿಬಿಡೋಣ, ಕಾಣೋದಿಲ್ಲ." ಕಾಣೋದಿಲ್ಲ ನಿಜ. ಪ್ಯಾನಲ್ ಹಿಂದೆ ಬೂಷ್ಟು, ಗೆದ್ದಲು ಎರಡೂ ಆರಾಮಾಗಿ ಸಂಸಾರ ಹೂಡುತ್ತವೆ. ಹೊರಗಿನಿಂದ ಅಗೆದು ಮಾಡಿಸಲು ಸಾಧ್ಯವಾದರೆ ಅದೇ ಸರಿ. ಇಲ್ಲದಿದ್ದರೆ ಬಿರುಕಿಗೆ ಗ್ರೌಟಿಂಗ್, ಮೇಲೆ ಹೊರಗಿನಿಂದ ಬರುವ ಒತ್ತಡ ತಡೆಯುವ ಸಿಮೆಂಟ್ ಆಧಾರಿತ ಲೇಪ ಹಾಕಿಸಿ, ಒಂದು ಪೂರ್ತಿ ಮಳೆಗಾಲ ಗೋಡೆಯನ್ನು ಬರಿಮೈಯಲ್ಲೇ ಬಿಡಿ. ಚಳಿಗಾಲದಲ್ಲಿ ಮುಂದುವರಿಸೋಣ ಅಂದುಕೊಳ್ಳಬೇಡಿ, ಹೊಗೆ ಹೆಚ್ಚಿ ಗ್ರಾಪ್ 3ನೇ ಹಂತ ಬಂತೆಂದರೆ ಟೈಲ್ಸ್ ಕತ್ತರಿಸುವುದಕ್ಕೂ ತಡೆ. ಫೆಬ್ರವರಿ ಕೊನೆಯಿಂದ ಜೂನ್ ಒಳಗೆ ಮುಗಿಸೋದು ಒಳ್ಳೆಯದು.

ಎರಡನೆಯ ನೀರು ರಸ್ತೆಯದು. 2024ರ ಜೂನ್ 28ಕ್ಕೆ ಸಫ್ದರ್‌ಜಂಗ್‌ನಲ್ಲಿ 24 ಗಂಟೆಯಲ್ಲಿ 228.1 ಮಿ.ಮೀ. ಮಳೆಯಾಯಿತು. ಸಾಲದ್ದಕ್ಕೆ ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಮೇಲೇರಿ ನಮ್ಮ ಹಳೆ ಮನೆಗಳು ಕೆಳಗಾಗುತ್ತವೆ. ಮೆಟ್ಟಿಲ ತಲೆಯಲ್ಲಿ ರಸ್ತೆಗಿಂತ ಎತ್ತರದ ಕಟ್ಟೆ ಬೇಕು. ಕೆಳಗೆ ಶೌಚಾಲಯ ಮಾಡಿಸಿದರೆ ಕೊಳಚೆಯನ್ನು ಮೇಲೆತ್ತುವ ಪಂಪು, ಹಿಂದಕ್ಕೆ ನುಗ್ಗದ ಹಾಗೆ ನಾನ್-ರಿಟರ್ನ್ ವಾಲ್ವ್ ಎರಡೂ ಬೇಕು. ಪಂಪಿಗೆ ಇನ್ವರ್ಟರ್ ಸಂಪರ್ಕ ಕೊಡಿಸಿ, ಮಳೆ ಜೋರಾದಾಗಲೇ ತಾನೇ ಕರೆಂಟ್ ಹೋಗೋದು. ಸ್ವಿಚ್‌ಗಳು ಎತ್ತರದಲ್ಲಿರಲಿ, 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬೇಸ್‌ಮೆಂಟಿನ ಎತ್ತರ ಎಲ್ಲ ಕಡೆಯೂ ಕನಿಷ್ಠ 2.4 ಮೀಟರ್ ಇರಬೇಕು. ಫಾಲ್ಸ್ ಸೀಲಿಂಗ್ ಮೋಹಕ್ಕೆ ಬೀಳುವ ಮೊದಲು ಟೇಪ್ ಹಿಡಿದು ಅಳೆಯಿರಿ. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಯಾವುದಕ್ಕೆ ಅಂತ ಬರೆದಿದೆ ಅನ್ನೋದನ್ನೂ ನೋಡಿ.

ದುಡ್ಡಿನ ಮಾತು ಎರಡೇ. ನಾವಿರುವ ಮನೆಯ ದುರಸ್ತಿ ಸಾಲದ ಬಡ್ಡಿಗೆ ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿಯವರೆಗೆ ಮಾತ್ರ ವಿನಾಯಿತಿ, ಹೊಸದರಲ್ಲಿ ಅದೂ ಇಲ್ಲ. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹದ ಹಾನಿಗೆ ರಕ್ಷಣೆ ಇದೆ, ಆದರೆ ವರ್ಷಗಟ್ಟಲೆ ನಿಧಾನವಾಗಿ ಜಿನುಗಿದ ತೇವಕ್ಕೆ ಕ್ಲೇಮ್ ಸಿಗುತ್ತೆ ಅಂತ ಕೂರಬೇಡಿ.

ಇನ್ನು ನನ್ನ ಹೊಟ್ಟೆ ಉರಿಸುವ ವಿಷಯ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ "ಎರಡು ಮಂಚ ಹಾಕಿ ಪಿ.ಜಿ. ಮಾಡಿದರೆ ಕಂತು ತಾನಾಗೇ ಕಟ್ಟಿಹೋಗುತ್ತೆ" ಅನ್ನುವವರು ನಮ್ಮವರಲ್ಲೂ ಇದ್ದಾರೆ. ನಾನೂ ಲೆಕ್ಕದ ಮನುಷ್ಯನೇ ಸ್ವಾಮಿ, ಆ ಲೆಕ್ಕ ನನಗೂ ಬರುತ್ತೆ. 2024ರ ಜುಲೈ 27ರ ಸಂಜೆ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಸೆಂಟರಿನ ಬೇಸ್‌ಮೆಂಟಿಗೆ ನೀರು ನುಗ್ಗಿ ಮೂರು ಮಕ್ಕಳು ಹೋದರು. ಉತ್ತರ ಪ್ರದೇಶ, ತೆಲಂಗಾಣ, ಕೇರಳದಿಂದ ಓದೋದಕ್ಕೆ ಬಂದಿದ್ದವರು. ಸಾಮಾನು ಇಡಲು, ಗಾಡಿ ನಿಲ್ಲಿಸಲು ಅನುಮತಿ ಪಡೆದ ಜಾಗದಲ್ಲಿ ಲೈಬ್ರರಿ ನಡೀತಿತ್ತು. ಎಚ್ಚರವಾಗಿ ಕೂತು ಓದುತ್ತಿದ್ದವರಿಗೇ ಮೆಟ್ಟಿಲು ಹತ್ತಲಾಗಲಿಲ್ಲ. ರಾತ್ರಿ ಮಲಗಿದ್ದವರ ಗತಿ ಯೋಚಿಸಿ. ತುಂಬಿದ ನೀರಿನ ಒತ್ತಡಕ್ಕೆ ಬಾಗಿಲೇ ತೆರೆಯೋದಿಲ್ಲ.

ಯು.ಪಿ.ಎಸ್.ಸಿ. ತಯಾರಿಗೆ ಅಂತ ನಮ್ಮ ರಾಯಚೂರು, ಹಾಸನದ ಹುಡುಗ ಹುಡುಗಿಯರೂ ಆ ಕಡೆಯೇ ಕೋಣೆ ಹುಡುಕುತ್ತಾರೆ. "ಸಾರ್, ಕನ್ನಡದವರ ಮನೆ ಸಿಕ್ಕರೆ ಸಾಕು" ಅಂತ ಅವರ ಅಪ್ಪಂದಿರು ಫೋನ್ ಮಾಡುತ್ತಾರೆ. ಅವರನ್ನು ನಂಬಿಸಿ ಕೆಳಗೆ ಮಲಗಿಸೋದು ತಪ್ಪು, ಟೈಲ್ಸ್ ಎಷ್ಟೇ ಹೊಳೆಯಲಿ. ನಮ್ಮ ಬೇಸ್‌ಮೆಂಟಿನಲ್ಲಿ ಈಗ ಪುಸ್ತಕದ ಕಪಾಟು, ಕೇರಂ ಬೋರ್ಡು, ಮನೆಯವಳ ಹೊಲಿಗೆ ಯಂತ್ರ, ಗುಡಿಸೋದಕ್ಕೆ ಸುಲಭವಾದ ಕೋಟಾ ಕಲ್ಲಿನ ನೆಲ. ಊರಿನಿಂದ ನೆಂಟರು ಬಂದಾಗ ಜಾಗ ಸಾಲದಿದ್ದರೆ ಮೇಲಿನ ಹಾಲ್‌ನಲ್ಲೇ ಸಾಲಾಗಿ ಹಾಸಿಗೆ ಹಾಸುತ್ತೇವೆ.