ಬೆಸೆಯುವ ವಿದ್ಯೆ, ಬೆಸೆಯುವ ನುಡಿ

ಕೃಷ್ಣೆಯ ಒಂದು ದಡದಲ್ಲಿ ಮಕ್ತಲ್ ಸೀಮೆಯ ಕನ್ನಡದ ಹಳ್ಳಿಗಳು. ಎದುರು ದಡದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಚಿಮಣಿಗಳು. ಮುಂದೆ ಗದ್ವಾಲ ಸೀಮೆಯ ಜುರಾಲಾದಲ್ಲಿ ಅದೇ ಹೊಳೆಯ ನೀರು ವಿದ್ಯುತ್ತಾಗುತ್ತದೆ. ಕಲ್ಲಿದ್ದಲಿನ ಶಕ್ತಿಯನ್ನೂ ನೀರಿನ ಶಕ್ತಿಯನ್ನೂ ಕಂಡು ಬೆಳೆದ ಇಲ್ಲಿಯ ಭೌತಶಾಸ್ತ್ರ ಪದವೀಧರರು ಸೂರ್ಯನ ಒಡಲಿನ ಶಕ್ತಿಯನ್ನು ಅರಸಿ ಹೊರಡುವುದು ಸಹಜವೇ ಆಗಿದೆ.

ಆ ದಾರಿ ದೀರ್ಘವಾದುದು. ಎಂ.ಎಸ್ಸಿ.ಯ ಬಳಿಕ ಜೆಸ್ಟ್, ಗೇಟ್ ಮೊದಲಾದ ಪರೀಕ್ಷೆಗಳನ್ನು ದಾಟಿದವರಿಗೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಬಾಗಿಲು ತೆರೆಯಬಹುದು. ಅಲ್ಲಿ 1989ರಿಂದ ‘ಆದಿತ್ಯ’ ಎಂಬ ಟೋಕಮಾಕ್ ಯಂತ್ರವಿದೆ. ಭಾರತವು 2005ರಲ್ಲಿ ಸೇರಿದ ಫ್ರಾನ್ಸಿನ ‘ಇಟರ್’ ಯೋಜನೆಯಲ್ಲಿ ಪ್ಲಾಸ್ಮಾವನ್ನು 15 ಕೋಟಿ ಡಿಗ್ರಿಗೆ ಕಾಯಿಸಬೇಕು. ಅದನ್ನು ಹಿಡಿದಿಡುವ ಕಾಂತಗಳನ್ನು ಮೈನಸ್ 269 ಡಿಗ್ರಿಗೆ ತಂಪಾಗಿಸಬೇಕು. ಆದುದರಿಂದಲೇ ಇಲ್ಲಿ ಭೌತವಿಜ್ಞಾನಿ ಅರ್ಧ ಎಂಜಿನಿಯರ್ ಆಗದೆ ವಿಧಿಯಿಲ್ಲ. ಆ ಯಂತ್ರವನ್ನು ಸುತ್ತುವರಿಯುವ, ಸುಮಾರು 3800 ಟನ್ ತೂಕದ ಉಕ್ಕಿನ ಕವಚದ ಭಾಗಗಳು ಗುಜರಾತಿನ ಹಜೀರಾದಲ್ಲಿ ಸಿದ್ಧವಾದವು.

ಈ ದಾರಿಯಲ್ಲಿ ಕಳೆದುಹೋಗುವುದು ಕನ್ನಡ. ಗದ್ವಾಲವು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಇಂದು ಈ ಸೀಮೆಯಲ್ಲಿ ಕನ್ನಡದಲ್ಲಿ ಓದಿದ ಮಗು ತೆಲುಗು, ಇಂಗ್ಲಿಷುಗಳಿಗೆ ಹೊರಳಿದ ಮೇಲೆ ತನ್ನ ವಿದ್ಯೆಯನ್ನು ಅವ್ವನಿಗೆ ಹೇಳಲಾರದೆ ಹೋಗುತ್ತದೆ. ಪ್ರಯೋಗಶಾಲೆಗೆ ಇಂಗ್ಲಿಷ್ ಸಾಕು ಎಂಬ ವಾದವನ್ನು ಒಪ್ಪೋಣ. ಊರಿಗೆ ಅದು ಸಾಲದು. ‘ಅಣು’ ಎಂದೊಡನೆ ಜನ ಬಾಂಬನ್ನು ನೆನೆಯುತ್ತಾರೆ. ಭಾರವಾದ ಬೀಜವನ್ನು ಒಡೆಯುವುದು ವಿದಳನ, ಹಗುರಾದ ಬೀಜಗಳನ್ನು ಬೆಸೆಯುವುದು ಸಮ್ಮಿಲನ ಎಂಬ ಭೇದವನ್ನು ಅವರಿಗೆ ತಿಳಿಸುವವರಾರು? ಮರಾಠಿಯಲ್ಲಿ ಅದು ಸಂಮೀಲನ, ತೆಲುಗಿನಲ್ಲಿ ಸಂಲೀನ. ಮೂರೂ ಕಿವಿಗೆ ಬೀಳುವ ನಾರಾಯಣಪೇಟೆಯ ವಿದ್ಯಾರ್ಥಿಗೆ ಈ ಕೆಲಸ ಇತರರಿಗಿಂತ ಸುಲಭ.

ಭರವಸೆಯನ್ನು ಅಳೆದು ಹೇಳುವುದಕ್ಕೂ ನುಡಿ ಬೇಕು. ನಿಯಂತ್ರಿತ ಸಮ್ಮಿಲನ ಎರಡು ದಶಕಗಳಲ್ಲಿ ಕೈಗೂಡುವುದೆಂದು ಹೋಮಿ ಭಾಭಾ 1955ರಲ್ಲಿ ಜಿನೀವಾದಲ್ಲಿ ನುಡಿದಿದ್ದರು. ಇಂದಿಗೂ ಆ ಶಕ್ತಿಯಿಂದ ಒಂದು ಮನೆಯ ದೀಪವೂ ಉರಿದಿಲ್ಲ. ಇದನ್ನು ಮುಚ್ಚಿಡದೆ, ಆಶೆಯನ್ನೂ ಕೆಡಿಸದೆ ಬರೆಯುವುದು ಗದ್ಯಕ್ಕೆ ಒದಗುವ ನಿಜವಾದ ಪರೀಕ್ಷೆ.

ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದೇ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು, ಪಂಪನ ಕಾವ್ಯವನ್ನೂ ಸಂಪಾದಿಸಿದರು. ಅಂದು ವಿಜ್ಞಾನಿಯೇ ಕನ್ನಡದ ಅಂಗಳಕ್ಕೆ ಬಂದರು. ಇಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಭೌತಶಾಸ್ತ್ರದ ಸಹಪಾಠಿಯ ಬಳಿಗೆ ಹೋಗಲಿ. ಕೇಳಿ, ತಿಳಿದು, ಒಂದು ಪುಟ ಬರೆಯಲಿ. ಅದನ್ನು ಮನೆಯ ಹಿರಿಯರೆದುರು ಓದಲಿ. ಅವರಿಗೆ ತಿಳಿಯದಿದ್ದರೆ ಮತ್ತೊಮ್ಮೆ ಬರೆಯಲಿ.