ಸಮುದ್ರಕ್ಕೆ ಹೋದ ಜೋಡಿಗಳು

ಹನಿಮೂನಿಗೆ ಕನ್ನಡದಲ್ಲಿ ‘ಮಧುಚಂದ್ರ’ ಎಂಬ ಪದ ಮಾಡಿಟ್ಟುಕೊಂಡಿದ್ದೇವೆ. ಸಿನಿಮಾಕ್ಕೆ, ಧಾರಾವಾಹಿಗೆ ಅದು ಒಗ್ಗಿಯೂ ಇದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಮನೆಯಲ್ಲೂ ಆ ಪದವನ್ನು ನಾನು ಕೇಳಿಲ್ಲ. ಇಲ್ಲಿ ‘ತಿರಗ್ಯಾಡಾಕ ಹೋಗ್ಯಾರ’ ಅನ್ನುತ್ತಾರೆ. ಅದನ್ನೂ ದನಿ ತಗ್ಗಿಸಿ, ಕೇಳಿದವರಿಗೆ ಮಾತ್ರ.

ಕಳೆದ ವರ್ಷ ಸಿಂದಗಿಯ ನನ್ನ ಗೆಳತಿಯೊಬ್ಬಳು ಮದುವೆಯಾದ ತಿಂಗಳೊಳಗೆ ಗಂಡನೊಂದಿಗೆ ಮಲೇಷ್ಯಾದ ಲಂಕಾವಿಗೆ ಹೋಗಿಬಂದಳು. ಕಡಲ ದಂಡೆ, ಮಲಯ ಶೈಲಿಯ ಮರದ ಮನೆ, ಐದು ದಿನ. ಇಬ್ಬರೂ ಬ್ಯಾಂಕಿನಲ್ಲಿದ್ದಾರೆ, ತಮ್ಮ ದುಡ್ಡಿನಲ್ಲೇ ಹೋದರು. ಅವಳ ಸ್ಟೇಟಸ್ಸಿನ ಫೋಟೊ ನೋಡಿ ಊರಿನ ಹಿರಿಯರೊಬ್ಬರು ಅಂದದ್ದು ಇಷ್ಟು: “ಮೊದ್ಲು ಮನಿದೇವ್ರಿಗಿ ಹೋಗಿ ಬರಬೇಕಿತ್ತ್ ನೋಡ್ರಿ.” ಇದು ಸಿಟ್ಟಿನ ಮಾತಲ್ಲ, ಕಾಳಜಿಯದು, ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ನಮ್ಮ ಸಂಶೋಧನಾ ವಿದ್ಯಾರ್ಥಿಗಳ ವಾಟ್ಸಪ್ ಗುಂಪಿನಲ್ಲಿ ಅದೇ ಫೋಟೊ ಕುರಿತು ನಡೆದ ಚರ್ಚೆ. ‘ಪಶ್ಚಿಮದ ಅನುಕರಣೆ’, ‘ಮಾರುಕಟ್ಟೆ ಹುಟ್ಟಿಸಿದ ಬಯಕೆ’, ‘ನಮ್ಮ ಜನಪದರಿಗೆ ಇಂಥ ಗೀಳು ಇರಲಿಲ್ಲ’. ಹೀಗೆ ಬರೆದವರೆಲ್ಲ ಓದಿದವರು, ನನ್ನ ಓರಗೆಯವರು. ಈ ಲೇಖನ ಅವರೊಂದಿಗಿನ ಜಗಳ.

ಜನಪದರಿಗೆ ಇರಲಿಲ್ಲ ನಿಜ. ಏನು ಇರಲಿಲ್ಲ ಎಂಬುದನ್ನು ಮಾತ್ರ ಸರಿಯಾಗಿ ಹೇಳೋಣ. ನಾಲ್ಕು ವರ್ಷಗಳಿಂದ ಈ ನಾಲ್ಕು ತಾಲೂಕುಗಳಲ್ಲಿ ಬೀಸುವ, ಕುಟ್ಟುವ ಪದಗಳನ್ನು, ಮದುವೆಯ ಹಾಡುಗಳನ್ನು ಕೇಳಿಸಿಕೊಳ್ಳುತ್ತ ತಿರುಗುತ್ತಿದ್ದೇನೆ. ಆ ಹಾಡುಗಳಲ್ಲಿ ಹೆಣ್ಣಿಗೆ ವಿಶ್ರಾಂತಿ ಸಿಗುವ ಜಾಗ ಒಂದೇ, ತವರು. ಪಂಚಮಿಗೆ ಅಣ್ಣ ಕರೆಯಲು ಬರಬೇಕು, ಜೋಕಾಲಿ ಕಟ್ಟಬೇಕು, ನಾಲ್ಕು ದಿನ ಬೀಸುಕಲ್ಲು ಮುಟ್ಟದೆ ಇರಬೇಕು. ಗಂಡಿಗೂ ವಿಶ್ರಾಂತಿ ಇದೆ: ಹನುಮಂತ ದೇವರ ಗುಡಿಯ ಕಟ್ಟೆ, ಸಂತೆ, ಜಾತ್ರೆ, ಭಜನೆ. ಅವಳ ವಿಶ್ರಾಂತಿಯಲ್ಲಿ ಗಂಡ ಇಲ್ಲ, ಅವನದರಲ್ಲಿ ಹೆಂಡತಿ ಇಲ್ಲ. ಆಷಾಢ ಬಂದರೆ ಹೊಸ ಮದುಮಗಳನ್ನು ತವರಿಗೆ ಕಳಿಸಿ ಇದ್ದ ಜೋಡಿಯನ್ನೂ ಬಿಡಿಸುತ್ತೇವೆ. ಇಬ್ಬರೂ ಒಟ್ಟಿಗೆ, ಕೆಲಸವಿಲ್ಲದೆ, ಮೂರನೆಯವರಿಲ್ಲದೆ ಕೂತಿರುವ ಒಂದು ದಿನ ನಮ್ಮ ಪಂಚಾಂಗದಲ್ಲಿಲ್ಲ. ಮದುವೆಯಾದ ಮೇಲಿನ ಮೊದಲ ಪ್ರಯಾಣ ಇರುತ್ತದಲ್ಲ, ಸವದತ್ತಿ ಎಲ್ಲಮ್ಮನಿಗೋ ತುಳಜಾಪುರಕ್ಕೋ ಪಂಢರಪುರಕ್ಕೋ? ಕ್ರೂಸರ್ ಗಾಡಿಯಲ್ಲಿ ಹದಿನಾಲ್ಕು ಮಂದಿ, ಗಂಡು ಮುಂದೆ ಡ್ರೈವರ್ ಪಕ್ಕ, ಹೆಣ್ಣು ಹಿಂದೆ ನಾದಿನಿಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು. ಫೋಟೊದಲ್ಲಿ ಮಾತ್ರ ಅಕ್ಕಪಕ್ಕ.

ಮನೆಗೆ ಬಂದರೂ ಅಷ್ಟೇ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಯ ಚೆಲುವನ್ನು ನಾನೂ ಹೊಗಳಬಲ್ಲೆ. ಮೊಳಗಟ್ಟಲೆ ದಪ್ಪದ ಗೋಡೆ, ತೊಲೆ-ಜಂತಿ, ಮೇಲಿನ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬಿಸಿಲು, ಏಪ್ರಿಲ್ ಉರಿಯಲ್ಲೂ ತಣ್ಣಗಿರುವ ಪಡಸಾಲೆ. ತಲೆಬಾಗಿಲು ದಾಟಿದೊಡನೆ ದನ, ಒಂದು ಮೆಟ್ಟಿಲು ಮೇಲೆ ಮನುಷ್ಯರು, ಒಳಗೆ ದೇವರು ಮತ್ತು ಒಲೆ. ದನಕ್ಕೆ, ಜೋಳಕ್ಕೆ, ದೇವರಿಗೆ ತಮ್ಮ ತಮ್ಮ ಜಾಗ ಗೊತ್ತುಮಾಡಿದ ಆ ಮನೆಯಲ್ಲಿ ಮದುವೆಯಾದ ಇಬ್ಬರಿಗೆ ಎಂದು ಮಾಡಿದ ಜಾಗ ಯಾವುದು? ಜೋಳದ ಚೀಲ ಸರಿಸಿ ತೆರವು ಮಾಡಿದ ಖೋಲಿ. ಅದರ ಗೋಡೆಯಾಚೆ ಅತ್ತೆ, ಮಾವ, ಕೆಮ್ಮು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಎಲ್ಲರೂ. ಮುದ್ದೇಬಿಹಾಳ ತಾಲೂಕಿನ ಹಾಡುಗಾರ್ತಿಯೊಬ್ಬರನ್ನು ‘ಗಂಡನ ಕೂಡ ಮನಸು ಬಿಚ್ಚಿ ಮಾತಾಡಿದ್ದು ಯಾವಾಗ ಆಯೀ?’ ಎಂದು ಕೇಳಿದೆ. “ಹೊಲದಾಗ, ಕಸ ತೆಗಿಯೂ ಮುಂದ” ಅಂದರು. ನಕ್ಕೇ ಅಂದರು. ನಾನದನ್ನು ನೋಟ್‌ಬುಕ್ಕಿನಲ್ಲಿ ‘ದಾಂಪತ್ಯ’ ಎಂಬ ಶೀರ್ಷಿಕೆಯಡಿ ಬರೆದುಕೊಳ್ಳಬೇಕೋ ‘ದುಡಿಮೆ’ಯಡಿಯೋ ತಿಳಿಯಲಿಲ್ಲ.

ಹಾಗಾದರೆ ರೆಸಾರ್ಟಿನ ವಕಾಲತ್ತು ವಹಿಸುತ್ತಿದ್ದೇನೆಯೇ? ಇಲ್ಲ. ಅದರ ಮೇಲೆ ನನ್ನ ತಕರಾರು ಬೇರೆಯದು. ಅದು ಏಕಾಂತವನ್ನು ಮಾರಲಿ, ಹಾಸಿಗೆ ಮಾರಲಿ, ಸಮುದ್ರ ಕಾಣುವ ಕಿಟಕಿ ಮಾರಲಿ. ‘ಪರಂಪರೆ’ ಎಂದು ಹೆಸರಿಟ್ಟು ಮಾರುವುದು ಮಾತ್ರ ಸುಳ್ಳು. ಮಲಯ ಮನೆ ಬಲು ಜಾಣ ಕಟ್ಟಡ. ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆ, ಕಡಿದಾದ ಮಾಡು, ಮೇಲೆ ನೀಪಾ ಗರಿಯ ಹೊದಿಕೆ, ಗಾಳಿ ಎಲ್ಲ ಕಡೆಯಿಂದ ಓಡಾಡುವಂತೆ ಕಿಟಕಿ. ಮುಂದಿನ ಜಗಲಿಗೆ ‘ಸೆರಾಂಬಿ’, ನಡುಮನೆಗೆ ‘ರುಮಾ ಇಬು’ ಅಂದರೆ ತಾಯಿಮನೆ, ಹಿಂದೆ ಅಡುಗೆಮನೆ. ಸಂಸಾರ ಬೆಳೆದಂತೆ ಮನೆಯನ್ನೂ ಬೆಳೆಸಬಹುದು. ಬಿಚ್ಚಿ ಬೇರೆಡೆ ಜೋಡಿಸಬಹುದು, ಊರವರು ಸೇರಿ ಹೊತ್ತುಕೊಂಡು ಹೋಗಲೂಬಹುದು. ತೆರೆಂಗಾನು ಕರಾವಳಿಯ ತಾಂಜೊಂಗ್ ಜಾರಾ ಎಂಬಲ್ಲಿ ಸುಲ್ತಾನರ ಮರದ ಅರಮನೆಗಳ ಮಾದರಿಯಲ್ಲಿ ಕಟ್ಟಿದ ಹೋಟೆಲಿಗೆ 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಲಂಕಾವಿಯಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಜೋಡಿಸಿ ಅತಿಥಿಗಳಿಗೆ ಕೊಡುವ ತಂಗುದಾಣಗಳಿವೆ. ಮರಗೆಲಸದ ವಿದ್ಯೆ ಉಳಿಯಿತು, ಒಳ್ಳೆಯದೇ. ಆದರೆ ಆ ಮನೆಯನ್ನು ಮನೆಯಾಗಿಸಿದ್ದ ಸಂಸಾರ ಅಲ್ಲಿಲ್ಲ. ಸೆರಾಂಬಿಯಲ್ಲಿ ಕೂತು ಬಂದವರನ್ನು ಮಾತನಾಡಿಸುವ ಮುದುಕರಿಲ್ಲ, ಅಡುಗೆಮನೆಯಲ್ಲಿ ಹೊಗೆಯಿಲ್ಲ, ತಾಯಿಮನೆಯಲ್ಲಿ ತಾಯಿಯಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಉಳಿದ ಖಾಲಿ ಜಾಗವೇ ನನ್ನ ಗೆಳತಿಗೆ ಸುಖ ಕೊಟ್ಟದ್ದು. ಅದನ್ನು ಅವಳು ಸರಿಯಾಗಿಯೇ ಹೇಳಿದಳು: “ಐದು ದಿನ ಯಾರೂ ಚಾ ಕೇಳಲಿಲ್ಲ ನೋಡು.” ಪರಂಪರೆಯ ಮನೆಯಲ್ಲಿ ಪರಂಪರೆಯಿಂದ ರಜೆ! ಅವಳ ಮಾತಿನಲ್ಲಿರುವ ಪ್ರಾಮಾಣಿಕತೆ ನಮ್ಮ ಪ್ರವಾಸ ಬರಹಗಳಿಗೆ ಬರಬೇಕು. ನಮ್ಮಲ್ಲೂ ತೊಟ್ಟಿಮನೆ, ಗುತ್ತಿನ ಮನೆ, ‘ಹಳ್ಳಿ ಸೊಗಡು’ ಎಂದು ಹೋಂಸ್ಟೇಗಳನ್ನು ಹೊಗಳಿ ಬರೆಯುವವರಿದ್ದಾರೆ. ಆ ತೊಟ್ಟಿಯ ನೀರು ಸೇದಿದವರು ಯಾರು, ಆ ನೆಲ ಸಾರಿಸಿದವರು ಯಾರು ಎಂಬ ಸಾಲು ಅಲ್ಲಿರುವುದಿಲ್ಲ.

ಇಷ್ಟೂ ಮಾತು ರೊಕ್ಕ ಇದ್ದವರದ್ದಾಯಿತು. ಈ ನಾಲ್ಕು ತಾಲೂಕುಗಳಿಂದ ಸಮುದ್ರಕ್ಕೆ ಹೋಗುವ ಹೊಸ ಜೋಡಿಗಳು ಇನ್ನೂ ಬಹಳ ಇವೆ, ಅವರ ಫೋಟೊ ಯಾವ ಗುಂಪಿನಲ್ಲೂ ಚರ್ಚೆಯಾಗುವುದಿಲ್ಲ. ರಾತ್ರಿ ಗೋವಾಕ್ಕೆ, ಮಂಗಳೂರಿಗೆ ಹೋಗುವ ಬಸ್ಸು ಹತ್ತಿ ನೋಡಿ. ಹಾಸಿಗೆಯ ಗಂಟು, ಜೋಳದ ಹಿಟ್ಟಿನ ಚೀಲ, ಕೈಯ ಹಸಿರು ಬಳೆ ಇನ್ನೂ ಒಡೆಯದ ಹುಡುಗಿ. ‘ದುಡೀಲಾಕ ಹೊಂಟೀವಿ’ ಅನ್ನುತ್ತಾರೆ. ಬಯಲಿನಲ್ಲಿ ಹುಟ್ಟಿ ಬೆಳೆದವರು ಸಮುದ್ರವನ್ನು ಮೊದಲ ಸಲ ಕಾಣುವುದು ಹೀಗೆ, ಗಾರೆಯ ಬುಟ್ಟಿ ಹೊತ್ತು. ಸೆಂಟ್ರಿಂಗ್ ಕಟ್ಟುತ್ತಾರೆ, ಕಲ್ಲು ಹೊರುತ್ತಾರೆ, ಕಟ್ಟಡ ಮುಗಿಯುವವರೆಗೆ ಅದರ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಮುಗಿದ ದಿನ ಶೆಡ್ಡು ಕಿತ್ತು ಮುಂದಿನ ಸೈಟು. ತಾವು ಕಟ್ಟಿದ ಕೋಣೆಗಳಲ್ಲಿ ಅವರು ಒಂದು ರಾತ್ರಿಯೂ ಮಲಗಿಲ್ಲ. ವಾಸ್ಕೋದ ಬೈನಾ ಕಡಲದಂಡೆಯಲ್ಲಿ ದಶಕಗಳ ಕಾಲ ಉತ್ತರ ಕರ್ನಾಟಕದವರು ನೆಲೆಸಿದ್ದರು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ಅಲ್ಲಿನ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. 2017ರ ಸೆಪ್ಟೆಂಬರ್‌ನಲ್ಲಿ ಉಳಿದ ಮನೆಗಳಲ್ಲಿ ಹಲವನ್ನು ಮತ್ತೆ ಕೆಡವಿದರು. ಕಡಲ ದಂಡೆಯಲ್ಲಿ ಮನೆ ಎಂಬ ಮೂರು ಶಬ್ದಕ್ಕೆ ಒಬ್ಬರಿಗೆ ಪ್ಯಾಕೇಜು, ಇನ್ನೊಬ್ಬರಿಗೆ ನೋಟಿಸು.

ಕಬ್ಬಿನ ಕಡೆ ಹೋಗುವವರ ಕತೆ ಇನ್ನೂ ನೇರ. ಮಹಾರಾಷ್ಟ್ರದ ಕಬ್ಬು ಕಟಾವಿನ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೋಯ್ತಾ’, ಅಂದರೆ ಒಂದು ಕುಡುಗೋಲು. ಮುಂಗಡ ಕೊಡುವುದು ಜೋಡಿಗೆ. ಒಂಟಿ ಆಳು ಅರ್ಧ ಕೋಯ್ತಾ. ಹಾಗಾಗಿ ಕಬ್ಬಿನ ಹಂಗಾಮಿಗೆ ಮುಂಚೆ ಮದುವೆ ಮುಗಿಸುವ ಅವಸರ ಹಲವರಿಗೆ. ನಮ್ಮ ಜಿಲ್ಲೆಯ ತಾಂಡಾಗಳಿಂದಲೂ ಜೋಡಿಗಳು ಹೋಗುತ್ತವೆ. ಹೊಸದಾಗಿ ಮದುವೆಯಾದ ಇಬ್ಬರು, ಮನೆಯವರಿಂದ ದೂರ, ಹುಲ್ಲು-ಗರಿ ಹೊದೆಸಿದ ಜೋಪಡಿಯಲ್ಲಿ, ತಿಂಗಳುಗಟ್ಟಲೆ. ರೆಸಾರ್ಟಿನ ಜಾಹೀರಾತಿನಲ್ಲಿ ಇರುವ ಎಲ್ಲವೂ ಇಲ್ಲಿದೆ, ಮಲಗಲು ಹೊತ್ತೊಂದನ್ನು ಬಿಟ್ಟು. ಲಾರಿ ನಡುರಾತ್ರಿ ಬಂದರೆ ಎದ್ದು ತುಂಬಬೇಕು.

ಇವರ ಬಗ್ಗೆ ಮಾತೆತ್ತಿದರೆ ನಮ್ಮ ವಿಚಾರ ಸಂಕಿರಣಗಳಲ್ಲಿ ತಕ್ಷಣ ಬರುವ ಪದ ‘ಕಾಯಕ’. ಬಸವನ ಬಾಗೇವಾಡಿ ಬಸವಣ್ಣನವರ ಊರು, ಈ ಪದದ ಮೇಲೆ ಇಲ್ಲಿಯವರಿಗೆ ತುಸು ಹೆಚ್ಚೇ ಅಭಿಮಾನ. ಆದರೆ ದಣಿದವರ ಮುಂದೆ ಕಾಯಕದ ಭಾಷಣ ಮಾಡುವುದು ಆ ಪದಕ್ಕೆ ಮಾಡುವ ಅವಮಾನ. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ವಾಪಸು ಸುರಿದು ಬರಲು ಹೇಳಿದವಳು. ಅಗತ್ಯಕ್ಕಿಂತ ಹೆಚ್ಚು ಬೇಡ ಎಂಬ ಆ ಮಾತನ್ನು ದುಡಿಮೆಗೂ ಅನ್ವಯಿಸಿ ಓದಲು ನಮಗೇನು ಅಡ್ಡಿ? ಹನಿಮೂನು ಉಳ್ಳವರ ಚಟ ಎಂದು ಬೈಯುವ ಗೆಳೆಯರು ಉಳ್ಳವರಿಗೆ ಮಾತ್ರ ಅದು ಯಾಕೆ ಸಿಗುತ್ತಿದೆ ಎಂದು ಕೇಳುವುದಿಲ್ಲ. ಬೈಗುಳದಿಂದ ನನ್ನ ಗೆಳತಿಯ ಐದು ದಿನ ಕಸಿಯಬಹುದು. ಬಸ್ಸಿನಲ್ಲಿ ಹಾಸಿಗೆಯ ಗಂಟು ಹಿಡಿದು ಕೂತವಳಿಗೆ ಅದರಿಂದ ಅರ್ಧ ದಿನವೂ ಸಿಗದು.

ದೊಡ್ಡ ಬೇಡಿಕೆಯೇನೂ ನನ್ನದಲ್ಲ. ಸೈಟಿನಲ್ಲಿ ವಾರಕ್ಕೊಂದು ಪಗಾರದ ರಜೆ, ಜೋಡಿಗೊಂದು ಅಡ್ಡಗೋಡೆ ಇರುವ ಶೆಡ್ಡು. ಊರಿನಲ್ಲಿ ಒಂದು ಖೋಲಿ. ಬಸವಣ್ಣನವರ ಹೆಸರಿನಲ್ಲೇ ಸರ್ಕಾರದ ಬಸವ ವಸತಿ ಯೋಜನೆ ಇದೆ. ಹಾಡು ಕೇಳಲು ಹೋದಾಗ ಅಂಥ ಮನೆಗಳಲ್ಲಿ ಕೂತಿದ್ದೇನೆ, ಚಹಾ ಕುಡಿದಿದ್ದೇನೆ. ಒಂದು ಹಾಲು, ಒಂದು ಅಡುಗೆಮನೆ, ಆರೇಳು ಜನ, ಅವರಲ್ಲಿ ಒಂದು ಹೊಸ ಜೋಡಿ. ನಾನು ನೋಡಿದ ಆ ಮನೆಗಳಲ್ಲಿ ಒಳಗಿನಿಂದ ಚಿಲಕ ಹಾಕಲು ಬರುವ ಬಾಗಿಲು ಎರಡೇ: ಒಂದು ತಲೆಬಾಗಿಲು, ಇನ್ನೊಂದು ಬಚ್ಚಲದ್ದು.